ಬಿಳಿಚಿದ ಕಿವಿರಿನ ಮೀನು

ಮಾನ್ಯ ಓದುಗರ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ, ಕುಂದಾಪುರದ ಉತ್ತರಕ್ಕಿರುವ ಕಡಲಂಚಿನ ಊರೊಂದರಲ್ಲಿ ಮೊಗವೀರ ಮೀನುಗಾರರ ಮನೆಯಲ್ಲಿ ಹುಟ್ಟಿ, ಅಲ್ಲಿಯ ಮೀನುಗಾರರ ಸಹಕಾರಿ ಸಂಘದಲ್ಲಿ ಹದಿನೇಳು ವರ್ಷ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದ ನಾನು, ಕಳೆದ ಮಾರ್ಚ್ ತಿಂಗಳಿನಲ್ಲಿ, ನನ್ನ ಐವತ್ತಮೂರನೆಯ ವಯಸ್ಸಿನಲ್ಲಿ, ಮೊತ್ತಮೊದಲ ಬಾರಿಗೆ ಒಂದು ಮೀನನ್ನು ಕೈಯಾರೆ ಕೊಂದೆ.

ಊರಿನವರಿಗೆ ಇದನ್ನು ಓದಿ ನಗು ಬರಬಹುದು. ಆದರೆ ದಯಮಾಡಿ ಯೋಚಿಸಿ ನೋಡಬೇಕು. ನಮ್ಮಲ್ಲಿ ಮೀನನ್ನು ಯಾರೂ ಕೊಲ್ಲುವುದಿಲ್ಲ. ಬಲೆ ಎಳೆಯುತ್ತೇವೆ, ಮೀನು ತಾನಾಗಿ ಸಾಯುತ್ತದೆ. ಕಾಲಲ್ಲಿ ಮೆಟ್ಟಿ ಹಿಡಿದು ಮೀನು ಕೊಯ್ಯುವ ಮೆಟ್ಟುಗತ್ತಿಯ ಮುಂದೆ ಬರುವ ಹೊತ್ತಿಗೆ ಅದು ಅರ್ಧ ಪದಾರ್ಥವೇ, ಅಂದರೆ ಅರ್ಧ ಸಾರೇ, ಆಗಿರುತ್ತದೆ. ಇಲ್ಲಿ ನಾನು ಹಿಮ ಕರಗಿದ ನೀರಿನಲ್ಲಿ ಮೊಣಕಾಲುದ್ದ ನಿಂತು, ಒದ್ದಾಡುತ್ತಿದ್ದ ಮೀನಿನ ತಲೆಗೆ ಕೋಲಿನಿಂದ ಹೊಡೆದು, ಕಿವಿರು ಕತ್ತರಿಸಿ, ಅದರ ರಕ್ತ ನದಿಯಲ್ಲಿ ಹರಿದು ಹೋಗುವುದನ್ನು ನೋಡಿದೆ. ನನ್ನ ಅತ್ತೆ ಒಂದು ತುತ್ತು ತಿನ್ನಲಿ ಎಂಬುದೊಂದೇ ಅದರ ಉದ್ದೇಶವಾಗಿತ್ತು.

ನೋಟೀಸು, ಠರಾವು ಮತ್ತು ಇಲಾಖೆಗೆ ಬರೆಯುವ ಪತ್ರಗಳ ಹೊರತು ಬೇರೆ ಬರವಣಿಗೆಯ ಅಭ್ಯಾಸ ನನಗಿಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನನ್ನ ಪತ್ನಿ ಸುಜಾತ ನರ್ಸ್. ಅವಳ ಉದ್ಯೋಗದ ನಿಮಿತ್ತ ನಾವು ನ್ಯೂಜೆರ್ಸಿಯ ಪಾರ್ಸಿಪನಿಗೆ ಬಂದು ಒಂಬತ್ತು ವರ್ಷಗಳು ಸಂದಿವೆ. ನಾನು ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ತೊಳೆಯುವ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮದು ಎರಡನೆಯ ಮಹಡಿಯ ಅಪಾರ್ಟ್‌ಮೆಂಟ್. ಊರಿನಲ್ಲಿ ಮೀನು ಹುರಿದರೆ ಪಕ್ಕದ ಮನೆಯವರು ಬೇಲಿಯಾಚೆಯಿಂದ ಯಾವ ಮೀನು ಎಂದು ಕೇಳುತ್ತಾರೆ. ಇಲ್ಲಿ ಬಂದ ಮೊದಲ ತಿಂಗಳಲ್ಲಿ ಬಂಗುಡೆ ಹುರಿದಾಗ ಹೊಗೆಯ ಅಲಾರಂ ಕೂಗಿತು, ವಾರದೊಳಗೆ ಅಪಾರ್ಟ್‌ಮೆಂಟಿನ ಕಚೇರಿಯಿಂದ ಪತ್ರ ಬಂತು. ನಾನು ಇಂಗ್ಲಿಷಿನಲ್ಲಿ ಒಂದೂವರೆ ಪುಟದ ಕ್ಷಮಾಪಣೆ ಬರೆದು ಕೊಟ್ಟೆ. ಇಷ್ಟು ಮರ್ಯಾದೆಯ ಪತ್ರ ತಾನು ಕಂಡಿಲ್ಲವೆಂದು ಮ್ಯಾನೇಜರ್ ಹೇಳಿದಳು. ಈ ದೇಶದಲ್ಲಿ ನನಗೆ ದೊರೆತ ಮೊದಲ ಗೆಲುವೆಂದು ಅದನ್ನೇ ದಾಖಲಿಸಬಹುದು.

ಸುಜಾತಳ ತಾಯಿ ಗುಲಾಬಿಯವರು ನನಗೆ ಸೋದರತ್ತೆಯೂ ಹೌದು. ಐವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಹೆಬ್ಬೆರಳಿನಿಂದ ಮೀನಿನ ಕೆನ್ನೆಯ ಮುಚ್ಚಳ ಎತ್ತಿ, ಒಳಗಿನ ಕಿವಿರಿನ ಬಣ್ಣ ನೋಡಿ, ಈ ಮೀನು ಬಲೆಗೆ ಬಿದ್ದು ಎಷ್ಟು ಹೊತ್ತಾಯಿತೆಂದು ಹೇಳುತ್ತಿದ್ದರು. ರಕ್ತಗೆಂಪಿದ್ದರೆ ಹೊಸತು, ಬಿಳಿಚಿದ್ದರೆ ಹಳಸಲು. ಹರಾಜು ಕಟ್ಟೆಯಲ್ಲಿ ಜಗಳ ಬಂದಾಗ ಸಂಘದವರೇ ಅವರನ್ನು ಕರೆಸುತ್ತಿದ್ದೆವು. ಆ ಹೆಬ್ಬೆರಳು ತಪ್ಪಿದ್ದನ್ನು ನಾನು ಕಾಣೆ.

ಎರಡು ಮಳೆಗಾಲದ ಹಿಂದೆ ಕಡಲ್ಕೊರೆತದಲ್ಲಿ ಅವರ ಮನೆ ಹೋಯಿತು. ಮೊದಲ ದಿನ ಅಡುಗೆಕೋಣೆ, ಮೂರನೆಯ ದಿನ ಉಳಿದದ್ದು. ಒಬ್ಬಳೇ ಮಗಳು ಇಲ್ಲಿರುವುದರಿಂದ ಕಳೆದ ಆಗಸ್ಟಿನಲ್ಲಿ ಅವರನ್ನು ಕರೆತಂದೆವು. ಪೆಟ್ಟಿಗೆಯಲ್ಲಿ ನಾಲ್ಕು ಸೀರೆಯೂ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಮೆಟ್ಟುಗತ್ತಿಯೂ ಇದ್ದವು.

ಮೊದಲ ಭಾನುವಾರ ಅವರನ್ನು ಐಸೆಲಿನ್‌ನ ಓಕ್ ಟ್ರೀ ರಸ್ತೆಗೆ ಕರೆದೊಯ್ದೆವು. ನಮ್ಮ ದೇಶದ ಅಂಗಡಿಗಳೇ ಸಾಲಾಗಿರುವ ಬೀದಿ ಅದು. ಮೀನಿನ ಅಂಗಡಿಯಲ್ಲಿ ಅತ್ತೆ ಒಂದೊಂದೇ ಮೀನಿನ ಕೆನ್ನೆ ಎತ್ತುತ್ತ ಹೋದರು. ಕೌಂಟರಿನವನು ಕೈಗವಸು ಹಾಕಿಕೊಳ್ಳಿ ಆಂಟಿ ಎಂದ.

"ಕೈಚೀಲ ಹಾಕಿ ಮುಟ್ರೆ ಮೀನ್ ಮಾತಾಡ್ತಾ?" ಎಂದು ಅತ್ತೆ ನನ್ನನ್ನು ಕೇಳಿದರು. ಆಮೇಲೆ ಅಂಜಲ್ ಮೀನೊಂದರ ಬಾಲ ಹಿಡಿದೆತ್ತಿ, "ಇದ್ ಸತ್ತ್ ವರ್ಷ ಆಯ್ತ್. ತಿಥಿ ಮಾಡೂಕೆ ಇಟ್ಕಂಡಿದ್ರಾ?" ಎಂದರು.

ಸುಜಾತ ನಕ್ಕಳು. ನಾನೂ ನಕ್ಕೆ. ಅದು ನಗುವ ವಿಷಯವಲ್ಲವೆಂದು ಅಕ್ಟೋಬರಿನಲ್ಲಿ ತಿಳಿಯಿತು. ಮೀನಿಲ್ಲದೆ ಅತ್ತೆಗೆ ಊಟ ಗಂಟಲಿಗಿಳಿಯುತ್ತಿರಲಿಲ್ಲ. ಕೋಳಿ ಒಲ್ಲರು, ಫ್ರಿಜ್ಜಿನ ಮೀನು ಮುಟ್ಟರು, ಗಂಜಿ ಮತ್ತು ಉಪ್ಪಿನಕಾಯಿಯಲ್ಲಿ ದಿನ ದೂಡುತ್ತಿದ್ದರು. ಡಾಕ್ಟರು ತೂಕ ನೋಡಿ, ವಸಂತದೊಳಗೆ ಏರದಿದ್ದರೆ ಹೊಟ್ಟೆಗೆ ನಳಿಕೆ ಇಟ್ಟು ಆಹಾರ ಕೊಡಬೇಕಾಗುತ್ತದೆ ಎಂದರು. ಸುಜಾತ ದಿನವೂ ಅಂತಹ ನಳಿಕೆಗಳನ್ನು ತೊಳೆಯುವವಳು.

ಈ ಸಂದರ್ಭದಲ್ಲಿ ವಿಕ್ಟರ್ ಅಂಕಲ್ ಅವರ ನೆರವನ್ನು ಸ್ಮರಿಸುವುದು ನನ್ನ ಕರ್ತವ್ಯ. ಮಂಗಳೂರಿನವರು, ಇಲ್ಲಿಗೆ ಬಂದು ನಲವತ್ತು ವರ್ಷ, ನಮ್ಮ ಕೆಳಗಿನ ಮನೆಯಲ್ಲಿದ್ದಾರೆ. ಚಳಿಗಾಲದಲ್ಲಿ ಐದು ಗಂಟೆ ಡ್ರೈವ್ ಮಾಡಿ, ಒಂಟಾರಿಯೊ ಸರೋವರಕ್ಕೆ ಸೇರುವ ನದಿಯೊಂದರಲ್ಲಿ ಗಾಳ ಹಾಕುತ್ತಾರೆ. ಅಲ್ಲಿ ಸಿಗುವುದು ಸ್ಟೀಲ್‌ಹೆಡ್. ನದಿಯಲ್ಲಿ ಹುಟ್ಟಿ, ಸರೋವರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಪುನಃ ನದಿಗೆ ಮರಳುವ ಬೆಳ್ಳಿ ಬಣ್ಣದ ದೊಡ್ಡ ಟ್ರೌಟ್ ಮೀನು.

ನವೆಂಬರಿನಲ್ಲಿ ಅವರೊಂದಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಗಾಳಕ್ಕೆ ಒಂದು ಬಿತ್ತು. ನಾನು ಅದನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕತೊಡಗಿದೆ.

"ಎಂತ ಮಾಡುದು ಮಾರಾಯ? ಮೊದ್ಲು ತಲೆಗೊಂದು ಕೊಡು, ಬ್ಲೀಡ್ ಮಾಡು. ಇಲ್ದಿದ್ರೆ ತಿನ್ಲಿಕ್ಕೆ ಆಗುದಿಲ್ಲ" ಎಂದರು ವಿಕ್ಟರ್ ಅಂಕಲ್.

"ನಮ್ಮಲ್ಲಿ ಹಾಗೆ ಕೊಲ್ಲುವ ಕ್ರಮ ಇಲ್ಲ ಅಂಕಲ್. ಅತ್ತೆಗೆ ಇಡೀ ಮೀನು ತೋರಿಸಬೇಕು."

"ಕ್ರಮವಂತೆ. ಮೊಗವೀರನಿಗೆ ನಾನು ಮೀನು ಕಲಿಸ್ಬೇಕಾಯ್ತಲ್ಲ ದೇವರೇ."

ಮೀನು ಚೀಲದಲ್ಲಿ ಬಹಳ ಹೊತ್ತು ಒದ್ದಾಡಿತು. ಕರುಳನ್ನೂ ತೆಗೆಯದೆ ಐದು ಗಂಟೆ ಕಾರಿನಲ್ಲಿ ತಂದೆ. ಅತ್ತೆ ಸಿಂಕಿನ ಬಳಿ ನಿಂತು ಹೆಬ್ಬೆರಳಿಟ್ಟು ಕೆನ್ನೆ ಎತ್ತಿದರು. ಒಳಗೆ ದಾಸವಾಳದ ಕೆಂಪು. ಈ ದೇಶಕ್ಕೆ ಬಂದ ಮೇಲೆ ಅವರ ಮುಖದಲ್ಲಿ ಬೆಳಕು ಕಂಡದ್ದು ಅಂದೇ.

"ಇದ್ ಮೀನ್ ಕಾಣ್ ಮಂಜ. ಸೆಕ್ರೆಟ್ರಿಗೆ ಮೀನಿನ್ ಲೆಕ್ಕ ಮಾತ್ರ ಬತ್ತ್ ಅಂದ್ಕಂಡಿದ್ದೆ" ಎಂದರು ನನಗೆ.

ನೆಲದಲ್ಲಿ ಪೇಪರ್ ಹಾಸಿ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕುಳಿತರು. ದೋಣಿಯಿಂದ ಇಳಿದದ್ದು ನೇರ ಗಡಿಗೆಗೆ ಎಂಬುದು ನಮ್ಮ ನಂಬಿಕೆ. ಕಾಯಿ ಅರೆದು, ಮೆಣಸು, ಹುಣಸೆ ಹಾಕಿ, ಒಂದು ಗಂಟೆಯೊಳಗೆ ಪದಾರ್ಥ ಇಳಿಸಿದರು. ತುಂಡುಗಳು ಬಿಲ್ಲಿನಂತೆ ಬಾಗಿ ರಬ್ಬರಾಗಿದ್ದವು. ಮೇಲೆ ಕಿತ್ತಳೆ ಬಣ್ಣದ ಎಣ್ಣೆ ತೇಲುತ್ತಿತ್ತು. ಬಾಯಿಗಿಟ್ಟರೆ ಕೆಸರು, ಅದರ ಹಿಂದೆ ತುಕ್ಕು ಕಬ್ಬಿಣ. ಅತ್ತೆ ತುತ್ತನ್ನು ಅಂಗೈಗೆ ಉಗಿದರು.

"ಕಣ್ಣ್ ಸಮ ಇತ್ತ್, ಕಿವಿರ್ ಸಮ ಇತ್ತ್. ರುಚಿ ಎಂತಕ್ಕೆ ಹಿಂಗೆ?" ಎಂದು ಯಾರನ್ನೋ ಕೇಳುವಂತೆ ಕೇಳಿದರು. ಅಂದು ಗಂಜಿಯೂ ಬೇಡವೆಂದರು.

ಆ ಚಳಿಗಾಲವಿಡೀ ನಾನು ವಿದ್ಯಾರ್ಥಿಯಾದೆ. ವಿಕ್ಟರ್ ಅಂಕಲ್ ತಾವು ತಂದ ಮೀನುಗಳಲ್ಲಿ ನನಗೆ ಪಾಠ ಮಾಡಿದರು. ಊರಿನ ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಕಲಿತದ್ದನ್ನು ನಿವೇದಿಸುತ್ತೇನೆ. ಒದ್ದಾಡಿ ಸತ್ತ ಸ್ಟೀಲ್‌ಹೆಡ್‌ನ ಮಾಂಸ ಕೆಡುತ್ತದೆ. ಆದ್ದರಿಂದ ಹಿಡಿದ ತಕ್ಷಣ ಒಂದೇ ಪೆಟ್ಟಿಗೆ ಕೊಂದು, ಎರಡೂ ಬದಿಯ ಕಿವಿರು ಕತ್ತರಿಸಿ, ನೀರು ತಿಳಿಯಾಗುವವರೆಗೆ ನದಿಯಲ್ಲಿ ಹಿಡಿಯಬೇಕು. ಅಲ್ಲೇ ಕರುಳು ತೆಗೆದು, ಬೆನ್ನೆಲುಬಿಗಂಟಿದ ಕಪ್ಪು ರಕ್ತದ ಗೆರೆಯನ್ನು ಚಮಚದಿಂದ ಕೆರೆಯಬೇಕು. ಐಸಿನಲ್ಲಿಡಬೇಕು, ಆದರೆ ಐಸ್ ಕರಗಿದ ನೀರಿನಲ್ಲಿ ಮೀನು ಮುಳುಗಬಾರದು. ಸತ್ತ ಮೀನು ಮೊದಲು ಸೆಟೆದುಕೊಳ್ಳುತ್ತದೆ. ಒಂದು ದಿನ ಕಾದು ಆ ಸೆಟೆತ ಬಿಟ್ಟ ಮೇಲೆಯೇ ಒಲೆಗಿಡಬೇಕು. ಚರ್ಮ ಸುಲಿದು, ಪಕ್ಕೆಯುದ್ದಕ್ಕೂ ಇರುವ ಕಂದು ಕೊಬ್ಬನ್ನು ತೆಗೆದರೆ ಸರೋವರದ ವಾಸನೆ ಅದರೊಂದಿಗೇ ಹೋಗುತ್ತದೆ. ಹುಣಸೆ ಬೇಡ. ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಒರೆಸಿ, ಅರಿಸಿನ, ಕಾಳುಮೆಣಸು, ತೆಂಗಿನೆಣ್ಣೆ ಹಚ್ಚಿ ಸಣ್ಣ ಬಿಸಿಯಲ್ಲಿ ಬೇಯಿಸಬೇಕು.

ಊರಿನಲ್ಲಿ ಮೀನಿನ ರುಚಿ ಕಡಲಿನ ಕೆಲಸ. ಇಲ್ಲಿ ಅದು ಮನುಷ್ಯನ ಕೈಯಲ್ಲಿ, ಮೊದಲ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಮಾರ್ಚಿನಲ್ಲಿ ಎರಡನೆಯ ಸಲ ಹೋದೆ. ಅಷ್ಟರಲ್ಲಿ ಅತ್ತೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೀನು ಬಿತ್ತು, ಮೇಲೆ ಅರಿಕೆ ಮಾಡಿದಂತೆ ಕೊಂದೆ. ಒಂದೇ ಪೆಟ್ಟಿಗೆ ಸಾಯಲಿಲ್ಲ, ಪೆಟ್ಟು ಎರಡಾಯಿತು. ಉಳಿದದ್ದೆಲ್ಲ ಕಲಿತ ಪ್ರಕಾರವೇ ನಡೆಯಿತು. ಒಂದು ದಿನ ಐಸಿನಲ್ಲಿಟ್ಟು ಕಾದೆ. ತಲೆಯನ್ನು ಮಾತ್ರ ಕತ್ತರಿಸಲಿಲ್ಲ. ಅತ್ತೆ ನೋಡಿ ನಂಬಲಿ ಎಂಬ ಆಸೆ.

ಸುಜಾತ ತಾಯಿಯನ್ನು ಕೈಹಿಡಿದು ಸಿಂಕಿನ ಬಳಿ ಕರೆತಂದಳು. ಹೆಬ್ಬೆರಳು ಕೆನ್ನೆಯ ಕೆಳಗೆ ಹೋಯಿತು. ಒಳಗೆ ರಕ್ತವಿಲ್ಲದ ಕಿವಿರು, ತೊಳೆದ ಬಟ್ಟೆಯಂತೆ ಬಿಳಿಚಿತ್ತು.

ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಹದಿನೇಳು ವರ್ಷ ಹರಾಜು ಕಟ್ಟೆಯಲ್ಲಿ ನಿಂತವನಿಗೆ ಹೊಳೆಯಬೇಕಿತ್ತು. ಈ ಲೋಪಕ್ಕೆ ಸಂಪೂರ್ಣವಾಗಿ ನಾನೇ ಹೊಣೆ.

"ಯಾವ ಅಂಗಡಿದ್?" ಎಂದರು ಅತ್ತೆ.

"ಅಂಗಡಿಯದ್ದಲ್ಲ ಅತ್ತೆ. ನಿನ್ನೆ ನಾನೇ ಹಿಡಿದದ್ದು. ರಕ್ತ ಬಸಿದಿದ್ದೇನೆ, ಅದಕ್ಕೆ ಬಿಳಿ."

"ವಾರ ಆದ ಮೀನ್ ತಂದ್, ಹಿಡ್ದದ್ದ್ ಅಂತಿಯಾ? ನಂಗ್ ಸುಳ್ ಹೇಳ್ಬೇಡ ಮಂಜ. ಹಸಿವಾತ್ತಿಲ್ಲೆ ಅಷ್ಟೆ, ಕಣ್ಣ್ ಕಾಣತ್ತ್."

"ಅಮ್ಮ, ಅವರು ಸುಳ್ ಹೇಳ್ತಿಲ್ಲೆ" ಎಂದಳು ಸುಜಾತ.

ವಿಕ್ಟರ್ ಅಂಕಲ್ ಮೇಲೆ ಬಂದು, "ನನ್ನ ಕಣ್ಣೆದುರು ಹಿಡಿದದ್ದು ಗುಲಾಬಿಬಾಯಿ, ಶಿಲುಬೆ ಆಣೆ" ಎಂದರು.

"ನಿಮ್ಗೂ ಇವ್ನೇ ಪಾಠ ಹೇಳ್ಕೊಟ್ನಾ?" ಎಂದು ಅತ್ತೆ ಅವರನ್ನೂ ಬಿಡಲಿಲ್ಲ.

ಆದರೂ ಬೇಯಿಸಿದೆ. ಮಗಳ ಒತ್ತಾಯಕ್ಕೆ ಅತ್ತೆ ಒಂದು ಎಸಳು ಬಾಯಿಗಿಟ್ಟರು. ನಿಧಾನವಾಗಿ ಅಗಿದರು, ನುಂಗಿದರು. ಇನ್ನೊಂದು ಎಸಳು ತೆಗೆದುಕೊಂಡರು. ಮೂರನೆಯದಕ್ಕೆ ಕೈ ತಾನಾಗಿ ಹೋಯಿತು. ಸುಜಾತ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಮಾನ್ಯ ಓದುಗರೇ, ಆ ಎರಡು ನಿಮಿಷ ಈ ಊರು ನನ್ನದೆನಿಸಿತ್ತು.

ಅಷ್ಟರಲ್ಲಿ ಅತ್ತೆ ಅಗಿಯುವುದನ್ನು ನಿಲ್ಲಿಸಿದರು.

"ಕೆಸರಿಲ್ಲೆ. ಇದ್ ಹಳತಲ್ಲ" ಎಂದರು. ನನ್ನ ಮುಖ ನೋಡಿದರು. "ಖರೇ ನೀನೇ ಹಿಡ್ದದ್ದಾ?"

"ಹೌದು ಅತ್ತೆ."

ಅವರು ತಮ್ಮ ಬಲಗೈ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. "ಅಂದ್ ಕೆಂಪ್ ಇದ್ದದ್ದ್ ತಿನ್ನೂಕಾಗ್ಲಿಲ್ಲೆ. ಇವತ್ ಬಿಳಿ ಇದ್ದದ್ದ್ ಲಾಯ್ಕ್ ಆಯ್ತ್. ಹಂಗಾರೆ ಇಲ್ಲ್ ಈ ಬೆರಳಿಗೆ ಎಂತದೂ ಗೊತ್ತಾತ್ತಿಲ್ಲೆ."

ಮೂರನೆಯ ಎಸಳು ತಟ್ಟೆಯಲ್ಲೇ ಉಳಿಯಿತು. ನಾನು ಸುಳ್ಳು ಹೇಳಿದ್ದೆನೆಂದು ನಂಬಿದ್ದರೆ ಅವರು ನನ್ನನ್ನು ಬೈದು, ಬಹುಶಃ ತಿಂದಿರುತ್ತಿದ್ದರು. ನಿಜವನ್ನು ನಂಬಿಸಿದವನು ನಾನು.

ಆಮೇಲೆ ಅವರು ಜಗಳವಾಡಲಿಲ್ಲ. ಕೊಟ್ಟಿದ್ದರಲ್ಲಿ ಎರಡು ತುತ್ತು ತಿನ್ನುತ್ತಾರೆ, ಸಾಕು ಎನ್ನುತ್ತಾರೆ. ಓಕ್ ಟ್ರೀ ರಸ್ತೆಗೆ ಕರೆದೊಯ್ದರೆ ಅಂಗಡಿಯ ತಳ್ಳುಗಾಡಿಯ ಹಿಡಿಕೆ ಹಿಡಿದು ಬಾಗಿಲ ಬಳಿಯೇ ನಿಲ್ಲುತ್ತಾರೆ. ಆಂಟಿ ಇವತ್ತು ನೋಡುವುದಿಲ್ಲವೇ ಎಂದು ಕೌಂಟರಿನವನು ಕೈಗವಸಿನ ಪೆಟ್ಟಿಗೆ ಮುಂದಿಟ್ಟು ತಮಾಷೆ ಮಾಡಿದ. ಅತ್ತೆ ಬೇಡವೆಂದು ತಲೆಯಾಡಿಸಿದರು. ಮೆಟ್ಟುಗತ್ತಿ ಪುನಃ ಬೆಡ್‌ಶೀಟಿನೊಳಗೆ ಸೇರಿದೆ. ತೂಕ ಏರಲಿಲ್ಲ. ಬರುವ ಗುರುವಾರ ನಳಿಕೆ ಇಡಲು ಸಮಯ ಗೊತ್ತುಪಡಿಸಿದ್ದಾರೆ. ಸಮ್ಮತಿ ಪತ್ರವನ್ನು ನಾನೇ ಭರ್ತಿ ಮಾಡಿದ್ದೇನೆ. ಅತ್ತೆ ಹೆಬ್ಬೆಟ್ಟು ಒತ್ತಲು ಕೈ ಚಾಚಿದರು; ಇಲ್ಲಿ ಅದು ನಡೆಯುವುದಿಲ್ಲವೆಂದು ಸುಜಾತ ಅವರ ಪರವಾಗಿ ಸಹಿ ಹಾಕಿದಳು.

ಮೊನ್ನೆ ಊರಿನಿಂದ ನನ್ನ ತಮ್ಮ ವಿಡಿಯೊ ಕರೆ ಮಾಡಿದ್ದ. ಬಂದರಿನಲ್ಲಿ ನಿಂತು, ತೋಳುದ್ದದ ಅಂಜಲಿನ ಕೆನ್ನೆ ಎತ್ತಿ ನಮಗೆ ತೋರಿಸಿದ. ಕಿವಿರು ರಕ್ತಗೆಂಪಾಗಿತ್ತು. ನನ್ನ ಬಾಯಲ್ಲಿ ನೀರೂರಬೇಕಿತ್ತು. ರಕ್ತ ಬಸಿದಿಲ್ಲ, ಒದ್ದಾಡಿ ಸತ್ತಿದೆ ಎಂಬುದೇ ನನ್ನ ಮನಸ್ಸಿಗೆ ಮೊದಲು ಬಂದ ಮಾತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಇನ್ನೊಮ್ಮೆ ಊರಿಗೆ ಹೋದರೆ ನಮ್ಮದೇ ಬಂದರಿನಲ್ಲಿ ನಿಂತು ನಾನು ಯಾವ ಕಣ್ಣಿನಿಂದ ನೋಡುವೆನೋ ತಿಳಿಯದು. ಇಲ್ಲಿಯ ನದಿಯೂ ನನ್ನದಾಗಿಲ್ಲ; ಆ ಎರಡನೆಯ ಪೆಟ್ಟಿನ ಸದ್ದು ನನ್ನನ್ನು ಬಿಟ್ಟಿಲ್ಲ.

ಅತ್ತೆ ಪಕ್ಕದಲ್ಲಿ ಕುಳಿತು ಫೋನನ್ನೇ ನೋಡುತ್ತಿದ್ದರು. ಐವತ್ತು ವರ್ಷ ಮೀನಿನ ವಿಷಯದಲ್ಲಿ ಯಾರನ್ನೂ ಏನನ್ನೂ ಕೇಳದವರು ನನ್ನ ಕಡೆ ತಿರುಗಿದರು.

"ಹೇಳ್ ಮಂಜ," ಎಂದರು. "ಅದ್ ಹೊಸತಾ, ಹಳತಾ?"

ಸಂಘದ ಮೊಹರು ಒತ್ತಿ ಸಾವಿರಾರು ದೃಢೀಕರಣಗಳನ್ನು ಬರೆದುಕೊಟ್ಟ ನಾನು ಸದರಿ ಪ್ರಶ್ನೆಗೆ ಉತ್ತರಿಸಲು ಅಸಮರ್ಥನಾದೆನೆಂದು ವಿಷಾದಪೂರ್ವಕವಾಗಿ ತಿಳಿಯಪಡಿಸುತ್ತೇನೆ.