ಕಿಡಿ ಬಾರದ ಕಾರು

ಅಪ್ಪ ಸರಿಯಾಗಿ ಉಣ್ಣುತ್ತಿಲ್ಲ, ಒಮ್ಮೆ ಬಂದು ಹೋಗು ಎಂದು ಅಣ್ಣ ಮುಧೋಳದಲ್ಲಿದ್ದ ನನಗೆ ಫೋನ್ ಮಾಡಿದ. ಯಾಕೆ ಏನಾಯ್ತು ಎಂದು ಕೇಳಿದರೆ, "ಏನಿಲ್ಲ, ಕಾರ್ ಚಾಲು ಆಗವಲ್ದು. ಅದನ್ನ ಮನಸಿಗೆ ಹಚ್ಕೊಂಡಾನ" ಎಂದ. ಮರುದಿನ ಬೆಳಿಗ್ಗೆಯ ಬಸ್ಸಿಗೆ ನಾನು ಬನಹಟ್ಟಿಗೆ ಹೋದೆ.

ಅಪ್ಪನದು ಬೂದು ಬಣ್ಣದ ಹಳೆಯ ಅಂಬಾಸಿಡರ್. ಅದರಲ್ಲಿ ಸೀರೆಯ ಗಂಟು ತುಂಬಿಕೊಂಡು ತೇರದಾಳ, ಜಮಖಂಡಿ, ಬೀಳಗಿಯ ಅಂಗಡಿಗಳಿಗೆ ತಿರುಗಿ ನಮ್ಮನ್ನು ಬೆಳೆಸಿದ. ಕೆಟ್ಟರೆ ತಾನೇ ಬಿಚ್ಚಿ ತಾನೇ ಕೂಡಿಸುತ್ತಿದ್ದ. ಅಣ್ಣನಿಗೆ ಕೈಗೆ ಗ್ರೀಸ್ ಹತ್ತಿದರೆ ಆಗುತ್ತಿರಲಿಲ್ಲ. ಬ್ಯಾಟರಿ ದೀಪ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನು. ಹಾಗೆ ನಿಂತು ನಿಂತೇ ಒಂದಿಷ್ಟು ಕಲಿತೆ.

ನಾನು ಹೋದಾಗ ಅಪ್ಪ ಮಗ್ಗದ ಶೆಡ್ಡಿನ ಪಕ್ಕದಲ್ಲಿ ಬಾನೆಟ್ ಎತ್ತಿಕೊಂಡು ಸುಮ್ಮನೆ ನಿಂತಿದ್ದ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ಕಾಯಿಲ್ ಹೊಸಾದು ಹಾಕ್ದೆ. ಕಂಡೆನ್ಸರ್ ಹಾಕ್ದೆ. ಪ್ಲಗ್ ಎಲ್ಲಾ ತಗದು ತಿಕ್ಕಿ ಇಟ್ಟೆ. ಕಿಡಿನ ಬರವಲ್ದು, ಯವ್ವಾ. ಜಮಖಂಡಿ ಮೆಕ್ಯಾನಿಕ್ ಬಂದು ನೋಡಿ, ಇದರ ಜೀವಾ ಮುಗದೈತ್ರಿ, ಬಿಟ್ಟಬಿಡ್ರಿ ಅಂದ." ಆಮೇಲೆ, "ಗಾಡೀದು ಮುಗದೈತೋ ನನ್ನ ತಲೀದು ಮುಗದೈತೋ, ತಿಳಿವಲ್ದು" ಎಂದ.

ಅವನನ್ನು ಕುರ್ಚಿಯಲ್ಲಿ ಕೂರಿಸಿ ನಾನು ಸೆರಗು ಸಿಕ್ಕಿಸಿಕೊಂಡೆ. ಮೊದಲಿನಿಂದ ಶುರು ಮಾಡೋಣ, ನೀ ಹೇಳು, ನಾ ಮಾಡ್ತೀನಿ ಎಂದೆ. ದೀಪ ಹತ್ತಿತು, ಹಾರ್ನ್ ಕೂಗಿತು, ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗಿತು. ಅಂದರೆ ಬ್ಯಾಟರಿಯದೇನೂ ತಕರಾರಿಲ್ಲ. ಕಾಯಿಲಿನ ದಪ್ಪ ವಾಯರನ್ನು ಎಂಜಿನ್ನಿನ ಹತ್ತಿರ ಹಿಡಿದು ತಿರುಗಿಸಿದೆವು. ಕಿಡಿ ಇಲ್ಲ. ಆಮೇಲೆ ಅಪ್ಪ ಒಂದು ಸಣ್ಣ ಬಲ್ಬಿಗೆ ವಾಯರ್ ಕಟ್ಟಿಸಿ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆ ಹಿಡಿಸಿದ. ಅಷ್ಟರಲ್ಲಿ ಹೊರಗೆ ಬಂದ ಅತ್ತಿಗೆ ಕಾರಿನಲ್ಲಿ ಕೂತು ಕೀಲಿ ತಿರುಗಿಸಿ ಸೆಲ್ಫ್ ಹೊಡೆದಳು.

"ಮಿಣಕ್ ಮಿಣಕ್ ಅಂತೈತೇನು?"

"ಇಲ್ಲಪ್ಪಾ. ಹತ್ತಿದ್ದು ಹಂಗ ಹತ್ತೇತಿ."

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಬಹಳ ದಿನಗಳ ಮೇಲೆ ಅವನ ದನಿಗೆ ಬಲ ಬಂದಿತ್ತು. "ಹಂಗಂದ್ರ ಪಾಯಿಂಟ್ ಒಂದಕ್ಕೊಂದು ಕೂಡವಲ್ಲವು. ಬಿಚ್ಚು. ನಾ ನೋಡೀನಿ, ಸರಿ ಇದ್ದಂಗ ಕಂಡಾವು. ಆದ್ರೂ ಬಿಚ್ಚು."

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಮೊಬೈಲಿನ ಬೆಳಕು ಬಿಟ್ಟೆ. ಬಡಿದುಕೊಳ್ಳಬೇಕಾದ ಎರಡು ಪಾಯಿಂಟುಗಳ ನಡುವೆ ಏನೋ ಹೊಳೆಯಿತು. ಅತ್ತಿಗೆಯ ಚಿಮಟ ತರಿಸಿ ಎಳೆದೆ. ಉಗುರಿನಷ್ಟು ಅಗಲದ ಪ್ಲಾಸ್ಟಿಕ್. ನಾಲ್ಕೂ ಕಡೆ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಸೀರೆ ಮಡಿಸಿ ಹಾಕುವ, ಈಗ ಅಣ್ಣ ನೋಡಿಕೊಳ್ಳುವ ನಮ್ಮ ಅಂಗಡಿಯದೇ ತೆಳು ಕವರಿನದು. ಅಂಚಿನಲ್ಲಿ ಕೆಂಪು ಗೆರೆಯೂ ಉಳಿದಿತ್ತು.

ಅಪ್ಪನ ಅಂಗೈಯಲ್ಲಿಟ್ಟೆ. ಅವನ ಕಣ್ಣಿಗೆ ಪೊರೆ ಬಂದಿತ್ತು, ಕಾಣಲಿಲ್ಲ. ಬೆರಳಲ್ಲಿ ತಿಕ್ಕಿ ನೋಡಿ, "ಇದು ತಾನಾಗಿ ಹೋಗಿ ಕುಂದ್ರೂದಲ್ಲ" ಎಂದ.

ಅತ್ತಿಗೆ ಕೀಲಿ ಅಲ್ಲೇ ಬಿಟ್ಟು ಒಳಗೆ ಹೋದಳು. ಇದು ಯಾರ ಕೆಲಸವೆಂದು ತಿಳಿಯಲು ನನಗೆ ಅಷ್ಟೇ ಸಾಕಾಯಿತು. ಅಂಗಡಿಯಿಂದ ಅಣ್ಣನನ್ನು ಕರೆಸಿ ಆ ತುಣುಕನ್ನು ಮುಖದ ಮುಂದೆ ಹಿಡಿದೆ. ಅವನು ಇಲ್ಲವೆನ್ನಲಿಲ್ಲ.

"ಮೆಕ್ಯಾನಿಕ್ ತೋರಿಸಿಕೊಟ್ಟ, ನಾ ಇಟ್ಟೆ. ಹುನ್ನೂರ ಹಾದ್ಯಾಗ ಅಪ್ಪ ಕುರಿ ಹಿಂಡಿನ್ಯಾಗ ಗಾಡಿ ಹೊಗಿಸಿದ್ದು ಗೊತ್ತೈತೇನು ನಿನಗ? ಕುರುಬರ ಮುದುಕ ಬಾಜೂಕ ಜಿಗದು ಉಳಕೊಂಡ. ನಾಳೆ ಯಾರರ ಸತ್ರ ಜೇಲಿಗೆ ನೀ ಹೋಗ್ತಿ?"

"ಕೀಲಿ ಇಸ್ಕೊಬೇಕಿತ್ತು. ಎದುರಿಗೆ ನಿಂತು ಹೇಳಬೇಕಿತ್ತು."

"ಹಬ್ಬಕ್ಕೊಮ್ಮೆ ಬಂದು ಹೋಗಾಕಿಗೆ ಮಾತು ಭಾಳ ಸಸ್ತಾ. ನೀ ಹೇಳಿ ನೋಡಬೇಕಿತ್ತು!"

ಅವನ ಹೆದರಿಕೆ ಸುಳ್ಳಲ್ಲ ಎಂದು ನನಗೂ ಗೊತ್ತಾಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಿತೇ ಹೊರತು ಇಳಿಯಲಿಲ್ಲ. ಅಪ್ಪ ಬಿಸಿಲಲ್ಲಿ ಜಮಖಂಡಿಗೆ ಬಸ್ಸು ಹತ್ತಿ ಕಾಯಿಲ್ ಹುಡುಕಲು ಹೋದಾಗ, ಕಾಣದ ಕಣ್ಣಲ್ಲಿ ಪ್ಲಗ್ ತಿಕ್ಕುವಾಗ, ಇವನು ಎಲ್ಲ ಗೊತ್ತಿದ್ದೂ ಬಾಗಿಲಲ್ಲಿ ನಿಂತು, "ಬಿಡಪ್ಪಾ, ಇನ್ನ ನಿನಗ ಆಗೂದಿಲ್ಲ" ಎನ್ನುತ್ತಿದ್ದನಂತೆ.

ಅಪ್ಪ ಇಬ್ಬರನ್ನೂ ತಡೆದ. "ಕುರಿದು ಖರೆ. ಒಂದು ಸತ್ತೂ ಹೋತು" ಎಂದ. ಆಮೇಲೆ ಅಣ್ಣನ ಕಡೆ ತಿರುಗಿ, "'ನಿನ್ನ ಕಣ್ಣು ಹೋಗ್ಯಾವು, ಕೀಲಿ ಕೊಡು' ಅಂದಿದ್ರ ಬೈಕೋತ ಕೊಡತಿದ್ದೆ. ತಲಿ ಹೋಗೇತಿ ಅಂತ ನಾನ ತಿಳ್ಕೊಳ್ಳೂ ಹಂಗ ಮಾಡಿದಿ" ಎಂದ.

ಅಪ್ಪ ನನಗೆ ಮುಚ್ಚಳ, ವಾಯರ್ ಕೂಡಿಸಿ ಚಾಲು ಮಾಡಲು ಹೇಳಿದ. ಮೊದಲ ಸೆಲ್ಫಿಗೇ ಎಂಜಿನ್ ಹತ್ತಿಕೊಂಡಿತು. ಮಗ್ಗಗಳ ಸದ್ದಿನ ನಡುವೆಯೂ ಅದರ ಸದ್ದು ಬೇರೆಯೇ ಕೇಳುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಬಂದ್ ಮಾಡು" ಎಂದು ಎದ್ದು ಒಳಗೆ ಹೋದ. ಮತ್ತೆ ಆ ಕಡೆ ಸುಳಿಯಲಿಲ್ಲ. ಕೆಲವು ತಿಂಗಳಾದ ಮೇಲೆ ಬೀಳಗಿಯ ಕಡೆಯವರು ಕಾರು ಕೊಂಡೊಯ್ದರು. ಅಪ್ಪ ಹೊರಗೆ ಬಂದು ನೋಡಲಿಲ್ಲವಂತೆ.

ಈ ವರ್ಷ ಜಮಖಂಡಿಯಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಯಾರಾದರೂ ಮೊದಲೇ ಕರೆದುಕೊಂಡು ಹೋಗಬಹುದಿತ್ತು. ಪಟ್ಟಿ ಬಿಚ್ಚಿಸಿಕೊಂಡು ಅಣ್ಣನ ಹೊಸ ಕಾರಿನಲ್ಲಿ ಬರುವಾಗ ಅಪ್ಪ ಹಿಂದೆ ನನ್ನ ಜೊತೆ ಕೂತಿದ್ದ. ಅಣ್ಣ ಕನ್ನಡಿಯಲ್ಲಿ ನೋಡುತ್ತಾ, "ಈಗ ಛಲೋ ಕಾಣ್ತೈತೇನಪಾ?" ಎಂದು ಕೇಳಿದ.

ಅಪ್ಪ ಕಿಟಕಿಯಾಚೆಯ ಕಬ್ಬಿನ ಹೊಲ ನೋಡುತ್ತಾ ನನಗೆ ಹೇಳಿದ: "ಕಾಣ್ತೈತಿ ಅಂತ ಹೇಳವ್ವಾ ಅವಗ."

ಅಣ್ಣನಿಗೆ ಕೇಳಿಸಿತ್ತು. ಆದರೂ ನಾನು ಹೇಳಿದೆ.