ಐಸಿನಡಿಯ ಮೀನು, ಭಾಗ್ಯಮ್ಮನ ಹೊಟ್ಟೆಯುರಿ

ಕಳೆದ ಭಾನುವಾರ ಮೀನು ಕೊಂಡಿರಲ್ಲ, ಅದರ ಮೈಹೊಳಪನ್ನು ಬಿಟ್ಟು ಬೇರೇನನ್ನಾದರೂ ನೋಡಿದಿರಾ? ನೋಡಿದ್ದರೆ ಅಶೋಕಪುರಂನಲ್ಲಿ ಮೀನು ಮಾರುವ ಭಾಗ್ಯಮ್ಮ ಇಂದು ಅಂಗಡಿ ಮುಚ್ಚುವ ಯೋಚನೆಯಲ್ಲಿ ಇರುತ್ತಿರಲಿಲ್ಲ.

ಬೆಳಗಿನ ಐದೂವರೆ. ಮೇಟಗಳ್ಳಿಯ ಐಸ್ ಕಾರ್ಖಾನೆಯಿಂದ ಆಟೋದಲ್ಲಿ ಬಂದ ಐಸ್ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಅವರು ಕೊಡತಿಯಿಂದ ಕುಟ್ಟುತ್ತಿದ್ದಾರೆ. ಪೆಟ್ಟಿಗೆಯ ತಳಕ್ಕೆ ಐಸು, ಮೇಲೊಂದು ಸಾಲು ಕಟ್ಲಾ ಮೀನು, ಮತ್ತೆ ಐಸು. ಕರುಳು ತೆಗೆದ ಹೊಟ್ಟೆಯೊಳಕ್ಕೂ ಒಂದು ಹಿಡಿ. ಪೆಟ್ಟಿಗೆಯ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆಯಾಗಿಸಿದ್ದಾರೆ. ಕರಗಿದ ನೀರು ತೂತಿನಿಂದ ಹರಿದುಹೋಗುತ್ತದೆ. "ಆ ನೀರಲ್ಲಿ ನೆಂದ್ರೆ ಮೀನು ಕೆಟ್ಟೋಯ್ತದೆ ಕಣ್ರೀ." ಮೂವತ್ತು ಕೆಜಿ ಮೀನಿಗೆ ಮೂವತ್ತು ಕೆಜಿ ಐಸು, ಹತ್ತೊಂಬತ್ತು ವರ್ಷಗಳಿಂದ.

ಎದುರಿಗೆ ಲೋಕೇಶ್ ಅಂಗಡಿ. ಅಲ್ಲಿ ಐಸಿಲ್ಲದೆ ಹಲಗೆಯ ಮೇಲೆ ಹರಡಿದ ಮೀನಿಗೆ ಫೋಕಸ್ ಲೈಟು ಬಿಟ್ಟು, ಹೊಳೆಯಲೆಂದು ಗಳಿಗೆಗೊಮ್ಮೆ ಬಕೆಟ್ಟಿನ ನೀರು ಚಿಮುಕಿಸುತ್ತಾರೆ. ಬೆಳಕು ಹರಿದಂತೆ ಜನ ಮುಗಿಬೀಳುವುದು ಅಲ್ಲಿಗೇ. ಭಾಗ್ಯಮ್ಮನವರ ಹಳೆಯ ಗಿರಾಕಿ ನಂಜಯ್ಯ ಕೈಚೀಲವನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಅತ್ತ ಹೊರಟಿದ್ದಾರೆ.

"ಏನ್ ನಂಜಯ್ನೋರೇ, ಕತ್ತು ಉಳುಕೈತಾ? ಈ ಕಡೆ ತಿರುಗ್ತಾನೇ ಇಲ್ಲ!" ಎಂದು ಕೂಗುತ್ತಾರೆ ಭಾಗ್ಯಮ್ಮ.

"ನಿನ್ ಮೀನು ಕಾಣೋದೇ ಇಲ್ವಲ್ಲ ಕಣಮ್ಮ, ಹೂತಿಟ್ಬುಟ್ಟಿದ್ದೀಯ!"

ಲೋಕೇಶ್ ನಗುತ್ತಾರೆ: "ಭಾಗ್ಯಕ್ಕ, ನನ್ ತಾವ ಮೀನು ಕುಯ್ಯಕ್ಕೆ ಬಂದ್ಬುಡು!"

"ಹೊಟ್ಟೆ ಉರೀತದೆ, ಸುಳ್ಳ್ಯಾಕೆ ಹೇಳ್ಲಿ?" ಭಾಗ್ಯಮ್ಮ ದನಿ ತಗ್ಗಿಸುತ್ತಾರೆ. "ಅವನ ತಾವ ನಿಂತಿರೋ ಒಂದೊಂದು ತಲೇನೂ ಎಣಿಸ್ತೀನಿ. ಆ ಲೈಟು ಕಂಡ್ರೆ ಕಲ್ಲು ಬೀಸೋಣ ಅನ್ಸ್ತದೆ."

ಈ ಉರಿಯೇ ಕಳೆದ ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟದಂದು ಅವರನ್ನು ತಪ್ಪುದಾರಿಗೆ ಎಳೆಯಿತು. ಅವರೂ ಹಲಗೆ ಹಾಕಿ ಮೀನು ಹರಡಿದರು; ಸಾಲು ನಿಂತಿತು. ಹನ್ನೊಂದರ ಹೊತ್ತಿಗೆ ಮೀನಿನ ಕಣ್ಣು ಮಂಜಾಗಿ, ಕಿವಿರು ಕಂದಿತ್ತು. ಉಳಿದದ್ದನ್ನು ಎಸೆದು, ತಡವಾಗಿ ಕೊಂಡವರ ಮನೆಗಳಿಗೆ ಓಡಿದರು. "ಒಬ್ಬರ ಮನೇಲಿ ಮಸಾಲೆ ಅರೀತಿದ್ರು. ಬೇಯಿಸ್ಬೇಡಿ ಕಣಮ್ಮ ಅಂತ ಕೈ ಮುಗ್ದು ವಾಪಸ್ ಇಸ್ಕೊಂಡೆ."

ಇಂಥವರನ್ನು ಅಸೂಯೆಗೆ ದೂಡಿದ ಪಾಪ ಯಾರದು? ಹೊಳಪಿಗೆ ಮರುಳಾಗುವ ನಮ್ಮ ಕಣ್ಣುಗಳದು. ನಮ್ಮ ಮಕ್ಕಳ ಹೊಟ್ಟೆಯನ್ನು ಕಾಯುವವರನ್ನು ನಾವೇ ಸೋಲಿಸುತ್ತಿದ್ದೇವೆ.

"ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಲೋಕೇಶನ ತಾವ್ಲೇ ಮೀನು ಕುಯ್ಯೋ ಕತ್ತಿ ಹಿಡೀತೀನಿ," ಎನ್ನುತ್ತಾರೆ ಅವರು. "ಆದ್ರೆ ಅವನ ಮೀನಿಗೆ ನೀರು ಮಾತ್ರ ಚಿಮುಕ್ಸಲ್ಲ."

ಓದುಗರೇ, ಯಾವ ಅಂಗಡಿಗೇ ಹೋಗಿ, ಐಸಿನಡಿಯ ಮೀನನ್ನೇ ಕೇಳಿ. ಬೆರಳಿನಿಂದ ಒತ್ತಿ, ಗುಳಿ ಉಳಿದರೆ ಹಿಂದಕ್ಕಿಡಿ. ಅಶೋಕಪುರಂನವರಾದರೆ, ತಿಂಗಳು ಮುಗಿಯುವ ಮೊದಲು ಭಾಗ್ಯಮ್ಮನವರ ಪೆಟ್ಟಿಗೆಯ ಮುಂದೆ ಚೀಲ ಹಿಡಿದು ನಿಲ್ಲಿ.