ಹೆಜ್ಜೆ ಲೆಕ್ಕದ ತಾತ

ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಹವಾಸ ಬೇಡವೆಂಬಂತೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಹಿಮ್ಮಡಿಯ ಒಡಕಿನಲ್ಲಿ ಸದಾ ಕೆಮ್ಮಣ್ಣು. ಚಾಮರಾಜಪೇಟೆಯ ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದ ಅವರನ್ನು ಬೀದಿಯವರೆಲ್ಲ ತಾತ ಅನ್ನುತ್ತಿದ್ದೆವು. ಯಾರನ್ನು ಎಲ್ಲಿ ಹೂತಿದ್ದಾರೆ ಎಂಬುದಕ್ಕೆ ಆ ಪಾದಗಳೇ ಆಧಾರ. ಗೋಡೆ ಪಕ್ಕದ ಹೊಂಗೆಮರದ ಬುಡದಿಂದ ಹೆಜ್ಜೆ ಎಣಿಸುತ್ತ ಹೋಗಿ ನಿಲ್ಲುತ್ತಿದ್ದರು. ಕಲ್ಲು ಕಟ್ಟಿಸಲಾಗದ ನಮ್ಮಂಥವರಿಗೆ ಬೇರೆ ಗುರುತಿರಲಿಲ್ಲ.

"ನಮ್ಮಪ್ಪನ ಕಾಲಕ್ಕೆ ಇದು ಊರಾಚೆ ಕಣಮ್ಮ. ಹೆಣ ಹೊತ್ತೋರು ದಾರೀಲಿ ಎರಡು ಕಡೆ ಇಳಿಸಿ ಸುಧಾರಿಸ್ಕೊಳ್ತಿದ್ರಂತೆ. ಈಗ ನೋಡು, ಗೋಡೆಗೆ ಒತ್ಕೊಂಡು ಮನೆ, ಬೇಕರಿ, ಟ್ಯೂಷನ್ನು. ಬದುಕಿರೋರಿಗೇ ಜಾಗ ಇಲ್ಲ, ಇವ್ರನ್ನ ಯಾರು ಕೇಳ್ತಾರೆ," ಅನ್ನುತ್ತಿದ್ದರು.

ತೊಂಬತ್ತರ ದಶಕದ ಮೊದಲಿಗೆ ಅಮ್ಮ ಹೋದಳು. ಅವಳನ್ನು ಹೂತದ್ದೂ ಅಲ್ಲೇ. ಪ್ರತಿ ಮಹಾಲಯ ಅಮಾವಾಸ್ಯೆಗೆ ಅಪ್ಪ, ನಾನು ಎಡೆ ಒಯ್ಯುತ್ತಿದ್ದೆವು. ತಾತ ಹೆಜ್ಜೆ ಹಾಕಿ, "ಇಲ್ಲೇ ಸಾರ್, ಇಟ್ಬಿಡಿ" ಎಂದ ಕಡೆ ಬಾಳೆಲೆ ಹಾಸಿ, ಅವಳಿಗಿಷ್ಟವಾದ ಕಡುಬು ಬಡಿಸಿ ಬರುತ್ತಿದ್ದೆವು.

ಒಂದು ವರ್ಷ ತಾತ ಜ್ವರ ಬಂದು ಮಲಗಿದ್ದಾಗ ರಸ್ತೆ ಅಗಲ ಮಾಡುವವರು ಬಂದು ಗೋಡೆ ಒಡೆದು, ಮರ ಕಡಿದು, ನೆಲ ಸಮ ಮಾಡಿ, ಒಳಗೆ ಹೊಸ ಗೋಡೆ ಎಬ್ಬಿಸಿಬಿಟ್ಟರು. ಎದ್ದು ಬಂದ ತಾತ ಮರ ಇಲ್ಲಿತ್ತೆಂದು ಅಂದಾಜು ಮಾಡಿ ಮತ್ತೆ ಎಣಿಸತೊಡಗಿದರು. ನಾವೂ ನಂಬಿದೆವು.

ಆರು ವರ್ಷದ ಮೇಲೆ ಒಂದು ಬೆಳಿಗ್ಗೆ ಅವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಕರೆದರೂ ಬರಲಿಲ್ಲ.

"ತಪ್ಪಾಗೋಯ್ತು ಸಾರ್. ನೀರಿನ ಪೈಪಿಗೆ ಫುಟ್‌ಪಾತ್ ಅಗೆದ್ರಲ್ಲ, ಹೊಂಗೆಮರದ ಬೊಡ್ಡೆ ಸಿಕ್ತು. ನನ್ನ ಅಂದಾಜು ಹದಿನೈದು ಹೆಜ್ಜೆ ತಪ್ಪು. ನೀವು ಎಡೆ ಇಡ್ತಿರೋದು ಅಮ್ಮೋರಿಗಲ್ಲ."

ಅಪ್ಪ ಷರ್ಟು ಹಾಕಿಕೊಂಡು ಹೊರಟರು. ತಾತ ಬೊಡ್ಡೆಯಿಂದ ಹೆಜ್ಜೆ ಹಾಕಿ ಹೊಸ ಗೋಡೆಯ ಹೊರಗೆ, ಫುಟ್‌ಪಾತಿನಲ್ಲೇ ನಿಂತರು. ಅಮ್ಮ ಇದ್ದದ್ದು ಅದರ ಕೆಳಗೆ. ಅಲ್ಲೊಬ್ಬ ಪಂಕ್ಚರ್ ಹಾಕುತ್ತ ಕೂತಿದ್ದ.

"ಸುಮ್ನೆ ಇದ್ಬಿಡಬಹುದಿತ್ತಲ್ಲ ತಾತ. ನಮಗೇನು ಗೊತ್ತಾಗ್ತಿತ್ತು?" ಎಂದು ರೇಗಿದೆ.

"ಇಲ್ಲಿರೋರ್ಗೆ ನಾನೊಬ್ನೇ ಸಾಕ್ಷಿ ಕಣಮ್ಮ. ನಾನೇ ಸುಳ್ಳು ಹೇಳಿದ್ರೆ ಇನ್ನೇನುಳೀತು?"

ಆ ವಾರ ಅವರು ಇಂಥ ಮಾತು ಹೇಳಲು ಹನ್ನೊಂದು ಮನೆಯ ಮೆಟ್ಟಿಲು ಹತ್ತಿದ್ದರು. ಒಂದು ಮನೆಯಲ್ಲಿ ಕೆನ್ನೆಗೆ ಏಟೂ ಬಿದ್ದಿತ್ತು.

ಅಪ್ಪ ಕೇಳಿದರು, "ಮತ್ತೆ ಇಷ್ಟು ವರ್ಷ ನಾವು ಬಡಿಸಿದ್ದು ಯಾರಿಗೆ ಯಜಮಾನ್ರೇ?"

"ಗೊತ್ತಿಲ್ಲ ಸಾರ್. ನಮ್ಮಪ್ಪನ ಕಾಲದಲ್ಲಿ ಹೂತಿದ್ದು. ಅಲ್ಲಿಗೆ ಯಾರೂ ಬರ್ತಿರ್ಲಿಲ್ಲ."

"ಹಾಗಾದ್ರೆ ಅಲ್ಲೇ ಇಡೋಣ. ಅವಳು ಪಕ್ಕದ ಮನೆಯೋರಿಗೆ ಕೊಡದೆ ಯಾವತ್ತೂ ಉಂಡೋಳಲ್ಲ," ಎಂದರು ಅಪ್ಪ. ತಾತ ಗೋಡೆಗೆ ಮುಖ ಮಾಡಿ ಅತ್ತರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ತಾತ ತೀರಿಕೊಂಡರು. ಊರಿಗೆಲ್ಲ ಗುಂಡಿ ತೋಡಿದವರಿಗೆ ಅಲ್ಲಿ ಆರಡಿ ಮೂರಡಿ ಸಿಗಲಿಲ್ಲ. ಜಾಗ ಖಾಲಿಯಿಲ್ಲವೆಂದು ಮಗ ವಿದ್ಯುತ್ ಚಿತಾಗಾರಕ್ಕೆ ಒಯ್ದ.

ಈಗ ಅಪ್ಪನೂ ಇಲ್ಲ, ಆ ಬೀದಿಯ ಮನೆಯೂ ಇಲ್ಲ. ನನಗೆ ಮಂಡಿನೋವು, ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮುಂದಿನ ವರ್ಷ ಬರುವುದಿಲ್ಲ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಆದರೂ ಹೋಗುತ್ತೇನೆ. ಹೆಸರು ಗೊತ್ತಿಲ್ಲದ ಆ ಮಣ್ಣಿನ ಮುಂದೆ ಒಂದು ಎಲೆ ಜಾಸ್ತಿ ಹಾಸಿ, "ತಾತ, ಇದು ನಿಮ್ಗೆ" ಅನ್ನುತ್ತೇನೆ.